ಐದು ಮಳೆಗಾಲದ ಬಳಕೆಯ ನಂತರ: 48 ಇಂಚಿನ ಫಾರ್ಮ್ ಜಾಕಿ

ಹೈ-ಲಿಫ್ಟ್ ಎಂದು ಎಲ್ಲರೂ ಕರೆಯುವ, ತೂತುಗಳಿರುವ ಕಂಬಿಯುದ್ದಕ್ಕೂ ಕೊಕ್ಕೆ ಏರಿ ಗಾಡಿ ಎತ್ತುವ ಈ ಉದ್ದನೆಯ ಜಾಕಿ ಹುಟ್ಟಿದ್ದು ಅಮೆರಿಕದ ಇಂಡಿಯಾನಾದಲ್ಲಿ, 1905ರಲ್ಲಿ. ಮೊದಲಿಗೆ ಇದು ಹೊಲಗದ್ದೆಯ ಸಲಕರಣೆ. ಈಗ ಸಕಲೇಶಪುರದ ಕಡೆ ಕಾಫಿ ತೋಟದ ಜೀಪಿನ ಬೆನ್ನ ಮೇಲೂ ಕಾಣುತ್ತದೆ. ಕೊಳ್ಳುವ ಮುಂಚೆ ಒಂದು ಮಾತು: ಇದು ಯಾವ ಗಾಡಿಗೆ ಹೊಂದುತ್ತದೆ ಎಂಬುದೇ ಮುಖ್ಯ, ಎಷ್ಟು ಟನ್ ಎತ್ತುತ್ತದೆ ಎಂಬುದು ಆಮೇಲೆ.

ಕಬ್ಬಿಣದ ಬಂಪರ್ ಇರುವ ಹಳೆಯ ಜಿಪ್ಸಿಗೆ, ಹಳೆಯ ಜೀಪಿಗೆ ಇದು ಸಲೀಸು. ಜಿಮ್ನಿ, ಹೊಸ ಥಾರ್‌ಗಳ ಪ್ಲಾಸ್ಟಿಕ್ ಬಂಪರಿಗೆ ಹಾಕಿದರೆ ಬಂಪರೇ ಕಿತ್ತುಬರುತ್ತದೆ. ಅಂಥ ಗಾಡಿಗೆ ಚಾಸಿಗೆ ಬೋಲ್ಟ್ ಮಾಡಿದ ಸ್ಟೀಲ್ ಬಂಪರ್ ಅಥವಾ ಸ್ಲೈಡರ್ (ಬಾಗಿಲ ಕೆಳಗಿನ ಗಟ್ಟಿ ಸ್ಟೀಲ್ ಪೈಪು) ಬೇಕು. ಅದಿಲ್ಲದಿದ್ದರೆ ಚಕ್ರದ ಕಡ್ಡಿಗಳಿಗೆ ಕೊಕ್ಕೆ ಹಾಕಿ ಚಕ್ರವನ್ನೇ ಎತ್ತುವ ಪಟ್ಟಿ ಬೇಕು. ಹೂತ ಗಾಡಿಗೆ ನಾವು ಮೊದಲು ತೆಗೆಯುವುದು ಈ ಪಟ್ಟಿಯನ್ನೇ. ಬಂಪರಿನಿಂದ ಎತ್ತಿದರೆ ಸ್ಪ್ರಿಂಗ್ ಪೂರ್ತಿ ಜೋತುಬಿದ್ದ ಮೇಲಷ್ಟೇ ಟೈರು ಕೆಸರು ಬಿಡುತ್ತದೆ, ಅಷ್ಟರಲ್ಲಿ ಗಾಡಿ ಎತ್ತರಕ್ಕೆ ಏರಿ ತೂಗಾಡುತ್ತಿರುತ್ತದೆ. ಚಕ್ರವನ್ನೇ ಎತ್ತಿದರೆ ಒಂದು ಗೇಣು ಸಾಕು, ಅಡಿಗೆ ಕಲ್ಲು, ಕೊಂಬೆ ತುರುಕಬಹುದು. ಪಟ್ಟಿ ಇಲ್ಲದಾಗ ಆಕ್ಸಲನ್ನು ಚಾಸಿಗೆ ರ‍್ಯಾಚೆಟ್ ಬೆಲ್ಟಿನಿಂದ ಬಿಗಿದು ಎತ್ತಿ.

ಜಾಕಿಯ ಪಾದ ಸುಮಾರು 4 ಇಂಚು ಅಗಲ, 7 ಇಂಚು ಉದ್ದ, ಅಂದರೆ 180 ಚದರ ಸೆಂ.ಮೀ. ಅದರ ಮೇಲೆ 600 ಕಿಲೋ ಬಿದ್ದರೆ ಮಳೆಗಾಲದ ಮಣ್ಣಿನಲ್ಲಿ ಗಾಡಿ ಏರುವುದಿಲ್ಲ, ಜಾಕಿಯೇ ಇಳಿಯುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ಎರಡು ತುಂಡು ಅಂಟಿಸಿ, 45 × 30 ಸೆಂ.ಮೀ. ಹಲಗೆ ಮಾಡಿಕೊಳ್ಳಿ. ಒತ್ತಡ ಏಳರಲ್ಲಿ ಒಂದು ಪಾಲಿಗೂ ಕಡಿಮೆಯಾಗುತ್ತದೆ. ಪಾದ ಜಾರದಂತೆ ಸುತ್ತ ರೀಪರ್ ಪಟ್ಟಿ ಹೊಡೆಯಿರಿ.

ಎತ್ತುವ ಮುಂಚೆ ಹ್ಯಾಂಡ್‌ಬ್ರೇಕ್ ಎಳೆದು, ಗೇರು ಹಾಕಿ, ಎತ್ತದ ಚಕ್ರಗಳ ಎರಡೂ ಕಡೆ ಕಲ್ಲು ಕೊಡಿ. ಗೇರನ್ನೊಂದೇ ನಂಬಬೇಡಿ. ಟೂ-ವೀಲ್‌ನಲ್ಲಿರುವ, ಅಂದರೆ ಹಿಂದಿನ ಚಕ್ರಗಳಿಗಷ್ಟೇ ಎಂಜಿನ್ ಬಲ ಹೋಗುವ ಗಾಡಿಯ ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಇನ್ನೊಂದು ಚಕ್ರ ಗೇರಿನಲ್ಲಿದ್ದರೂ ಉರುಳಬಲ್ಲದು.

ಇನ್ನು ಹಿಡಿಕೆ. ಎತ್ತುವಾಗ ಕೆಳಗೆ ಒತ್ತಿದರೆ ಒಂದು ‘ಟಕ್’, ಮೇಲೆತ್ತಿದರೆ ಇನ್ನೊಂದು ‘ಟಕ್’. ಎರಡು ಪಿನ್ನುಗಳು ಒಂದಾದ ಮೇಲೊಂದು ಕಂಬಿಯ ತೂತಿಗೆ ಕೂರುವ ಸದ್ದು ಅದು. ಒಂದು ‘ಟಕ್’ ಕೇಳಿಸದಿದ್ದರೆ ಅಲ್ಲಿಗೇ ನಿಲ್ಲಿಸಿ, ಪಿನ್ನು ಕೂತಿದೆಯೇ ಎಂದು ಕಣ್ಣಾರೆ ನೋಡಿ.

ಪೆಟ್ಟು ಬೀಳುವುದು ಹೆಚ್ಚಾಗಿ ಇಳಿಸುವಾಗ. ಹಿಡಿಕೆಯನ್ನು ಕಂಬಿಗೆ ತಾಗುವಂತೆ ನೇರ ನಿಲ್ಲಿಸಿದ ಮೇಲಷ್ಟೇ ಏರಿಸು-ಇಳಿಸು ಬದಲಿಸುವ ಪುಟ್ಟ ಲಿವರನ್ನು ಕೆಳಕ್ಕೆ ತಿರುಗಿಸಿ. ಈಗ ಹಿಡಿಕೆ ಮೇಲೇಳುವ ಪ್ರತಿ ಸಲ ಗಾಡಿಯ ಭಾರ ಅದನ್ನು ನಿಮ್ಮ ಕೈಯ ವಿರುದ್ಧ ತಳ್ಳುತ್ತಿರುತ್ತದೆ. ಕೈ ಜಾರಿತೋ, ಹಿಡಿಕೆ ಸುತ್ತಿಗೆಯಂತೆ ಬಡಿಯುತ್ತಲೇ ಹೋಗುತ್ತದೆ, ಗಾಡಿ ನೆಲ ಮುಟ್ಟುವವರೆಗೂ ನಿಲ್ಲದೆ ಹೋಗಬಹುದು. ದವಡೆ ಮುರಿಯಲು ಒಂದೇಟು ಸಾಕು. ಎರಡೂ ಕೈಯಲ್ಲಿ ಹಿಡಿಯಿರಿ, ಮುಖವನ್ನು ಹಿಡಿಕೆಯ ದಾರಿಯಿಂದ ಪಕ್ಕಕ್ಕಿಡಿ, ಒದ್ದೆ ಕೈಗವಸು ಬೇಡ. ಬಡಿಯತೊಡಗಿದ ಹಿಡಿಕೆಯನ್ನು ಹಿಡಿಯಲು ಹೋಗದೆ ದೂರ ಸರಿಯಿರಿ. ಭಾರ 70 ಕಿಲೋದಷ್ಟಕ್ಕೆ ಇಳಿದಾಗ ಜಾಕಿಯ ಎತ್ತುವ ಕೊಕ್ಕೆ ದಡಕ್ಕನೆ ತಳಕ್ಕೆ ಬೀಳುತ್ತದೆ. ಅದು ದೋಷವಲ್ಲ, ಆದರೆ ಅಲ್ಲಿ ಕಾಲಿರಬಾರದು.

ಎತ್ತಿದ ಗಾಡಿಯ ಅಡಿಗೆ ಕೈಯನ್ನೂ ತೂರಿಸಬೇಡಿ, ಕಲ್ಲನ್ನು ಕೋಲಿನಿಂದ ತಳ್ಳಿ. ಎತ್ತಿದ ಗಾಡಿಯನ್ನು ಪಕ್ಕಕ್ಕೆ ನೂಕಿ ಬೀಳಿಸಿ ಹಳ್ಳದಿಂದ ತಪ್ಪಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಜಾಕಿ ಯಾವ ಕಡೆ ಚಿಮ್ಮುತ್ತದೆಂದು ಯಾರೂ ಹೇಳಲಾರರು, ನಾವಂತೂ ಅದನ್ನು ಒಪ್ಪುವುದಿಲ್ಲ.

ಬಾಳಿಕೆಯ ಬಗ್ಗೆ ದೂರಿಲ್ಲ, ಆರೈಕೆ ಮಾತ್ರ ಕೇಳುತ್ತದೆ. ಗಾಡಿಯ ಹೊರಗೆ ಕಟ್ಟಿದರೆ ಕೆಸರು ಒಣಗಿ ಪಿನ್ನು ಸಿಕ್ಕಿಕೊಳ್ಳುತ್ತದೆ. ಡೀಸೆಲ್ಲಿನಲ್ಲಿ ಬ್ರಷ್ ಹಾಕಿ ತೊಳೆದು, ಒರೆಸಿ, ತೆಳು ಎಣ್ಣೆ ಬಿಡಿ. ಗ್ರೀಸ್ ಬೇಡ, ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಲಾರಿ ಟ್ಯೂಬಿನ ತುಂಡೊಂದನ್ನು ಯಂತ್ರದ ಭಾಗಕ್ಕೆ ಕವಚದಂತೆ ತೊಡಿಸಿದರೆ ಅರ್ಧ ತಾಪತ್ರಯ ಕಡಿಮೆ. ಪಿನ್ನು, ಸ್ಪ್ರಿಂಗ್ ಸವೆದರೆ ಬದಲಿಸಿ. ಭಾರ ಮಿತಿ ಮೀರಿದಾಗ ಮುರಿಯಲೆಂದೇ ಇಟ್ಟ ಶಿಯರ್ ಬೋಲ್ಟ್ ಮುರಿದರೆ ಅದೇ ಅಳತೆಯ, ಅದೇ ದರ್ಜೆಯದನ್ನೇ ಹಾಕಿ. ಹಾರ್ಡ್‌ವೇರ್ ಅಂಗಡಿಯ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಬೇರೇನೋ. ಜಾಕಿ 13 ಕಿಲೋ ತೂಗುತ್ತದೆ, ಗಾಡಿಯೊಳಗೆ ಇಡುವುದಾದರೆ ಬೆಲ್ಟ್ ಹಾಕಿ ಬಿಗಿಯಿರಿ.

ಒಂದೇ ಜಾಕಿಗೆ ದುಡ್ಡಿದ್ದರೆ ನಮ್ಮ ಸಲಹೆ 3 ಟನ್ನಿನ ಬಾಟಲ್ ಜಾಕಿ (ಎಣ್ಣೆಯ ಒತ್ತಡದಿಂದ ಎತ್ತುವ ಗಿಡ್ಡ ಜಾಕಿ) ಮತ್ತು ಮೇಲೆ ಹೇಳಿದ ಹಲಗೆ. ಆಕ್ಸಲಿಗೆ ಕೊಟ್ಟರೆ ಚಕ್ರ ಕೂಡಲೇ ಏಳುತ್ತದೆ, ಗಾಡಿ ಹೆಚ್ಚು ಓಲಾಡುವುದಿಲ್ಲ. ತೊಡಕೆಂದರೆ, ಅದು ಕೂರಲು 20 ಸೆಂ.ಮೀ.ನಷ್ಟು ಜಾಗ ಬೇಕು. ಆಕ್ಸಲೇ ಕೆಸರಲ್ಲಿ ಹೂತಿದ್ದರೆ ಮೊದಲು ಗುದ್ದಲಿ ಹಿಡಿಯಬೇಕು.