ರೊಟೇಟರ್ ಬಿಚ್ಚಲು ಬಿಡುವ ಮುನ್ನ

ಮೈಸೂರು, ಮಂಡ್ಯ ಕಡೆಯ ಹವ್ಯಾಸಿ ರೇಡಿಯೊ ಮಿತ್ರರು ಇದನ್ನು ದಯವಿಟ್ಟು ಪೂರ್ತಿ ಓದಿ. ಟವರ್ ಮೇಲಿನ ರೊಟೇಟರ್ (ಆಂಟೆನಾವನ್ನು ಬೇಕಾದ ದಿಕ್ಕಿಗೆ ತಿರುಗಿಸುವ ಮೋಟಾರು ಯಂತ್ರ) ಸದ್ದು ಮಾಡುತ್ತಿದೆ ಎಂದ ಕೂಡಲೇ "ಮೋಟಾರು ಹೋಗಿದೆ ಸಾರ್, ಇಳಿಸಿ ಬಿಚ್ಚಬೇಕು" ಎನ್ನುವವರು ನಿಮಗೂ ಸಿಗುತ್ತಾರೆ. ನನಗೆ ಸಿಕ್ಕವರ ಹೆಸರು ಹೇಳುವುದಿಲ್ಲ. ಅವರು ಮಾಡಿದ ಕೆಲಸವನ್ನು ಮಾತ್ರ ಹೇಳುತ್ತೇನೆ.

ಬೋಗಾದಿಯ ನಮ್ಮ ಮನೆಯ ಟವರ್ ಮೇಲೆ ಮೂರು ಎಲಿಮೆಂಟಿನ ಯಾಗಿ ಆಂಟೆನಾ ಇದೆ, ಅದನ್ನು ತಿರುಗಿಸಲು ಹ್ಯಾಮ್-4 ಎಂಬ ಮಾದರಿಯ ರೊಟೇಟರ್. ಆಷಾಢದ ಗಾಳಿ ಶುರುವಾಗುವ ಮೊದಲು ಆಂಟೆನಾವನ್ನು ಹೊತ್ತು ತಿರುಗುವ, ತುಕ್ಕು ತಿಂದ ಮಾಸ್ಟ್ ಪೈಪನ್ನು ತೆಗೆದು ಹೊಸದನ್ನು ಹಾಕಿಕೊಟ್ಟವರು ಇದೇ ಮಹಾಶಯರು. ಕಿರುಗುಟ್ಟುವ ಸದ್ದು ಆರಂಭವಾದದ್ದು ಅದಾದ ಮೇಲೆ. ಜಪಾನಿನವರ ಜೊತೆ ಮಾತಾಡಲು ಈಶಾನ್ಯಕ್ಕೆ ತಿರುಗಿಸಿದರೆ ಸದ್ದಿಲ್ಲ. ಯೂರೋಪಿಗಾಗಿ ವಾಯವ್ಯದ ಕಡೆ ಹೊರಳಿಸಿದರೆ ಸಾಕು, ಕಿರುಚಾಟ. ಪಕ್ಕದ ಮನೆಯ ಅಜ್ಜಿ "ರಾತ್ರಿ ಹೊತ್ತು ಮಹಡಿಯ ಮೇಲೆ ಹಿಟ್ಟಿನ ಗಿರಣಿ ನಡೆಸುತ್ತೀಯೇನಪ್ಪಾ?" ಎಂದು ಕೇಳಿದರು.

ಆ ಮಹಾಶಯರನ್ನೇ ಕರೆಸಿದೆ. ಟವರ್ ಬುಡದಲ್ಲಿ ನಿಂತು ಕಿವಿಗೊಟ್ಟು, ಶುರುವಿನಲ್ಲಿ ಕೇಳಿಸಿದ "ಟಕ್" ಸದ್ದನ್ನು ತೋರಿಸಿ "ಗೇರ್ ಮುರಿದಿದೆ" ಎಂದರು. ಅದು ಗೇರ್ ಅಲ್ಲ. ಈ ಮಾದರಿಯಲ್ಲಿ ಸೊಲೆನಾಯ್ಡ್ (ವಿದ್ಯುತ್ಕಾಂತದ) ಬ್ರೇಕ್ ಇರುತ್ತದೆ, ಅದು ಬಿಡಿಸಿಕೊಳ್ಳುವಾಗ ಬರುವ ಸಹಜ ಸದ್ದದು. ಆಂಟೆನಾ ನಿಲ್ಲುವ ಮೊದಲೇ ಬ್ರೇಕಿನ ಗುಂಡಿಯಿಂದ ಕೈ ತೆಗೆದರೆ ಮಾತ್ರ ಧಡ್ ಎಂದು ಬಡಿಯುತ್ತದೆ, ಅದು ಅಪಾಯ. ಇಷ್ಟನ್ನು ಹೇಳಿದರೂ ಅವರು ರೊಟೇಟರನ್ನು ಇಳಿಸಿ, ಮಹಡಿಯ ಸಿಮೆಂಟಿನ ಮೇಲೆಯೇ ಬಿಚ್ಚಿ, ಲಾರಿ ಚಕ್ರಕ್ಕೆ ಹಾಕುವ ಗಟ್ಟಿ ಗ್ರೀಸನ್ನು ಮೆತ್ತಿ ಮತ್ತೆ ಮೇಲೇರಿಸಿದರು. ಕಿರುಚಾಟ ಹಾಗೆಯೇ ಇತ್ತು.

ಮುಂದಿನದು ಇನ್ನೂ ಚೆನ್ನಾಗಿದೆ. "ಹಾಗಾದರೆ ಕೆಪಾಸಿಟರ್" ಎಂದು ಕೋಣೆಯಲ್ಲಿದ್ದ ನಿಯಂತ್ರಣ ಪೆಟ್ಟಿಗೆಯನ್ನು ತೆರೆದು, ಸೀಲಿಂಗ್ ಫ್ಯಾನಿನ ಕೆಪಾಸಿಟರನ್ನು ಹಾಕಿದರು. ಫ್ಯಾನಿನದು 2.5 ಮೈಕ್ರೋಫ್ಯಾರಡ್. ಈ ಮೋಟಾರಿಗೆ ಬೇಕಾದದ್ದು 120ರಿಂದ 140 ಮೈಕ್ರೋಫ್ಯಾರಡ್ಡಿನದು, ಅದೂ ಧ್ರುವ ಭೇದವಿಲ್ಲದ ಎಸಿ ಕೆಪಾಸಿಟರ್. ಆಮೇಲೆ ಮೋಟಾರು ಗುಂಯ್ ಎಂದಿತೇ ಹೊರತು ಮಿಸುಕಲಿಲ್ಲ. "ವೈಂಡಿಂಗ್ ಸುಟ್ಟಿದೆ ಸಾರ್, ನನ್ನ ಹತ್ತಿರ ಒಂದು ಹಳೆಯ ರೊಟೇಟರ್ ಇದೆ, ಬೆಲೆ ನೋಡಿಕೊಳ್ಳೋಣ" ಎಂದರು.

ಇಲ್ಲಿ ಎಚ್ಚರ. ವೈಂಡಿಂಗ್, ಅಂದರೆ ಮೋಟಾರಿನ ತಂತಿ ಸುರುಳಿ, ಸುಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಟವರ್ ಹತ್ತಬೇಕಿಲ್ಲ. ಪ್ಲಗ್ ಕಿತ್ತು, ಪೆಟ್ಟಿಗೆಯ ಹಿಂದಿನ ಕೇಬಲನ್ನು ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಹ್ಯಾಮ್-4ರಲ್ಲಿ 4 ಮತ್ತು 8ನೆಯ ತಂತಿಗಳ ನಡುವೆ ಸುಮಾರು 5 ಓಮ್, 1ರಿಂದ ಅವೆರಡರಲ್ಲಿ ಯಾವುದಕ್ಕಾದರೂ 2.5 ಓಮ್ ಬರಬೇಕು. ದಿಕ್ಕು ತೋರಿಸುವ ಪೊಟೆನ್ಶಿಯೊಮೀಟರಿನ 3 ಮತ್ತು 7ರ ನಡುವೆ 500 ಓಮ್. ಕೇಬಲ್ ಉದ್ದವಾದಷ್ಟೂ ಈ ಅಳತೆಗಳಿಗೆಲ್ಲ ಸ್ವಲ್ಪ ಸೇರುತ್ತದೆ. ನನ್ನದರಲ್ಲಿ ಎಲ್ಲವೂ ಸರಿಯಾಗಿದ್ದವು. ಹಳೆಯ ಕೆಪಾಸಿಟರನ್ನು ಮರಳಿ ಹಾಕಿದೆ, ಮೋಟಾರು ತಿರುಗಿತು.

ನಿಜವಾದ ಕಾರಣವನ್ನು ಹಿಡಿದವರು ಮಂಡ್ಯದ ಹಿರಿಯ ಹವ್ಯಾಸಿಯೊಬ್ಬರು. ಅವರ ಮೊದಲ ಪ್ರಶ್ನೆಯೇ "ಪೈಪ್ ಬದಲಿಸಿದ್ದು ಯಾವಾಗ?" ಎಂಬುದಾಗಿತ್ತು. ಗಾಳಿಯಿಲ್ಲದ ಬೆಳಿಗ್ಗೆ, ಸೊಂಟಪಟ್ಟಿ ಕಟ್ಟಿಕೊಂಡು ಹತ್ತಿದರು. ಮಾಸ್ಟ್ ಜಾರದಂತೆ ಮೇಲಿನ ಬೇರಿಂಗಿನ ಬೋಲ್ಟುಗಳನ್ನು ಬಿಗಿದು, ಆಂಟೆನಾ ತಾನಾಗಿ ಸುತ್ತದಂತೆ ಹಗ್ಗ ಕಟ್ಟಿ, ಆಮೇಲೆ ಮಾಸ್ಟನ್ನು ಹಿಡಿಯುವ ರೊಟೇಟರಿನ ಕ್ಲಾಂಪನ್ನು ಸಡಿಲಿಸಿದರು. ಕೆಳಗಿನಿಂದ ನಾನು ರೊಟೇಟರನ್ನು ಮಾತ್ರ ಓಡಿಸಿದೆ. ಕಿರುಚಾಟ ಮಾಯ. ಸಣ್ಣ ಗಡಗಡವೊಂದು ಉಳಿಯಿತು, ಅದರ ವಿಷಯ ಆಮೇಲೆ. ಸದ್ದು ಒಂದೇ ದಿಕ್ಕಿನಲ್ಲಿ ಬರುತ್ತದೆ, ಹೊರೆ ತೆಗೆದರೆ ನಿಲ್ಲುತ್ತದೆ ಎಂದರೆ ತೊಂದರೆ ರೊಟೇಟರಿನ ಒಳಗಿಲ್ಲ, ಮೇಲಿದೆ.

ಹೊಸದಾಗಿ ಹಾಕಿದ್ದು ಒಂದೂವರೆ ಇಂಚಿನ ಜಿಐ ಪೈಪ್, ಹೊರವ್ಯಾಸ ಸುಮಾರು 48 ಮಿಲಿಮೀಟರ್. ಈ ಕ್ಲಾಂಪಿನಲ್ಲಿ ಪೈಪು ನಟ್ಟನಡುವೆ ಕೂರಬೇಕಾದರೆ ಅದು ಸುಮಾರು 52 ಮಿಲಿಮೀಟರ್ ಇರಬೇಕು. ಸಣ್ಣ ಪೈಪನ್ನು ಹಾಕಿ ಯು-ಬೋಲ್ಟ್ ಬಿಗಿದರೆ ಅದು ಒಂದು ಬದಿಗೆ ಒತ್ತಿಕೊಂಡು ಎರಡು ಮಿಲಿಮೀಟರ್ ಆಚೆ ಸರಿಯುತ್ತದೆ. ಮೇಲೆ ಅದನ್ನು ಹಿಡಿದಿರುವ ಬೇರಿಂಗ್ ಮಾತ್ರ ಕದಲುವುದಿಲ್ಲ. ಸಾಲದ್ದಕ್ಕೆ ರೊಟೇಟರ್ ಕೂತ ತಟ್ಟೆಯೂ ಓರೆಯಾಗಿ ಸರಿದಿತ್ತು. ಎರಡು ಓರೆಗಳೂ ವಾಯವ್ಯದಲ್ಲಿ ಒಂದಾಗಿ ಪೈಪನ್ನು ಬೇರಿಂಗಿಗೆ ಒತ್ತುತ್ತಿದ್ದವು, ಈಶಾನ್ಯದತ್ತ ತಿರುಗಿದಾಗ ಆ ಒತ್ತಡ ಸಡಿಲವಾಗುತ್ತಿತ್ತು.

ಪರಿಹಾರಕ್ಕೆ ಬೇಕಾದದ್ದು ಎರಡು ಮಿಲಿಮೀಟರಿನ ತಗಡಿನ ಪಟ್ಟಿ. ಕ್ಲಾಂಪಿನ ಒತ್ತುವ ಬದಿಗೆ ಅದನ್ನಿಟ್ಟು, ತಟ್ಟೆಯ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಹಗ್ಗ ಬಿಚ್ಚಿ ಪೂರ್ತಿ ಸುತ್ತಿಸಿ, ರೊಟೇಟರ್ ತನ್ನ ಜಾಗವನ್ನು ಹುಡುಕಿಕೊಂಡ ಮೇಲೆ ಬಿಗಿದರು.

ಇನ್ನು ಆ ಗಡಗಡ. ಹ್ಯಾಮ್-4ರಲ್ಲಿ ಎರಡು ಸಾಲುಗಳಲ್ಲಿ ಒಟ್ಟು 98 ಬೇರಿಂಗ್ ಗುಂಡುಗಳು ಇರುತ್ತವೆ. ರೊಟೇಟರನ್ನು ಮತ್ತೆ ಬಿಚ್ಚಿ ಲಾರಿ ಗ್ರೀಸನ್ನು ಒರೆಸಿ ತೆಗೆಯುವಾಗ ಎಣಿಸಿದರೆ 91 ಸಿಕ್ಕವು. ಉಳಿದವು ಮಹಡಿಯ ಮಳೆನೀರಿನ ಕೊಳವೆಯಲ್ಲಿ ಎಲ್ಲಿಗೆ ಹೋದವೋ. ಆ ಮಹಾಶಯರಿಗೆ ಅದನ್ನು ಹೇಳಿ ಹಣ ವಾಪಸು ಕೇಳಿದಾಗ ಬಂದ ಉತ್ತರ: "ಗ್ರೀಸು ಹೊಸದಲ್ಲವೇ ಸಾರ್?"