ದೊಡ್ಡಮ್ಮನ ಬೆರಳು ಮತ್ತು ನಾಲ್ಕು ಹೊಸ ಸಿಗಾರ್

ದೊಡ್ಡಮ್ಮ ಸಿಗಾರನ್ನು ಮೂಸಿ ನೋಡಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಒತ್ತುತ್ತಾ ಹೋದರು. ಮೂರು ಸಿಗಾರ್ ಹೀಗೆ ನೋಡಿ ತಟ್ಟೆಗೆ ಹಾಕಿದರು. ನಾಲ್ಕನೆಯದರಲ್ಲಿ ಬೆರಳು ಅರ್ಧಕ್ಕೇ ನಿಂತಿತು.

"ಇಲ್ಲಿ ಪುಗೆರೆ ಗಂಟು ಕಟ್ಟಿದೆ. ಇದು ಎಳೆಯಲಿಕ್ಕೆ ಆಗುವುದಿಲ್ಲ ಮಗಾ."

ಪುಗೆರೆ ಅಂದರೆ ತುಳುವಿನಲ್ಲಿ ಹೊಗೆಸೊಪ್ಪು. ನಾವು ಮೂವರೂ ನಕ್ಕೆವು. ಯಾಕೆಂದರೆ ನಾಲ್ಕರಲ್ಲಿ ಅದಕ್ಕೇ ಬೆಲೆ ಜಾಸ್ತಿ.

ದೊಡ್ಡಮ್ಮ ಜೀವಮಾನದಲ್ಲಿ ಸಿಗಾರ್ ಸೇದಿದವರಲ್ಲ. ಬೀಡಿಯೂ ಸೇದಿದವರಲ್ಲ. ಆದರೆ ಮಂಗಳೂರಿನ ವಾಮಂಜೂರಿನ ಮನೆಯ ಜಗಲಿಯಲ್ಲಿ ಕೂತು 38 ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಬಲಗೈಯಲ್ಲಿ ಕತ್ತರಿ, ಎಡಗೈಯಲ್ಲಿ ಅಳತೆಯ ತಗಡು. ದಿನಕ್ಕೆ ಎಂಟುನೂರು. ಮಕ್ಕಳಿಗೆ ಶಾಲೆ ರಜೆ ಇದ್ದು ಎಲೆ ಕತ್ತರಿಸಲು ಕೈ ಸಿಕ್ಕಿದರೆ ಸಾವಿರ. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದರೆ ಚೆಕ್ ಮಾಡುವವರು ಕಟ್ಟು ಬಿಚ್ಚಿ ಒತ್ತಿ ನೋಡುತ್ತಿದ್ದರು. ಬಿಗಿ ಆದದ್ದು, ಸಡಿಲ ಆದದ್ದು ಎರಡೂ ಪಕ್ಕಕ್ಕೆ. ಪಕ್ಕಕ್ಕೆ ಹೋದದ್ದಕ್ಕೆ ಮಜೂರಿ ಇಲ್ಲ. ಹಾಗಾಗಿ ಎಷ್ಟು ಬಿಗಿ ಇರಬೇಕು ಅನ್ನುವುದು ಅವರ ತಲೆಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಇನ್ನು ನಮ್ಮ ಪರಿಚಯ. ನಾನು ಪಣಂಬೂರಿನಲ್ಲಿ, ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಕೆಲಸ ಮಾಡುವವನು. ತಿಂಗಳಿಗೆ ಎರಡು ಸಿಗಾರ್, ಅದರ ಮೇಲೆ ಇಲ್ಲ. ಜೊತೆಗೆ ಪಕ್ಕದ ಕಂಪೌಂಡಿನ ಪೊರ್ಬುಗಳು (ಕ್ರಿಶ್ಚಿಯನ್ನರನ್ನು ನಮ್ಮಲ್ಲಿ ಮರ್ಯಾದೆಗೆ ಹಾಗೆ ಕರೆಯುವುದು), ಮತ್ತೆ ಬ್ಯಾಂಕಿನಿಂದ ರಿಟೈರ್ ಆದ ರಾಯರು. ರಾಯರು ಕೆಲಸಕ್ಕೆ ಸೇರಿದ ಬ್ಯಾಂಕಿನ ಹೆಸರು ಈಗ ಯಾವ ಬೋರ್ಡಿನಲ್ಲೂ ಇಲ್ಲ. ನಮ್ಮೂರಿನಲ್ಲಿ ಹುಟ್ಟಿ ಬೇರೆಯದರಲ್ಲಿ ವಿಲೀನವಾದ ಬ್ಯಾಂಕುಗಳ ಕತೆ ನಿಮಗೆ ಗೊತ್ತೇ ಇದೆ ಅಲ್ವಾ.

ಸಿಗಾರ್ ತರುವವರು ದುಬೈಯಲ್ಲಿರುವ ನನ್ನ ಭಾವ. ಒಬ್ಬ ಪ್ರಯಾಣಿಕ 25 ಸಿಗಾರ್ ತನಕ ಸುಂಕವಿಲ್ಲದೆ ತರಬಹುದು. ಅಥವಾ 100 ಸಿಗರೇಟು. ಎರಡೂ ಒಟ್ಟಿಗೆ ಅಂತ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು ವಾದ ಮಾಡಬೇಡಿ, ಅಂಥವರನ್ನು ನಾನು ಕೆಲಸದ ಮೇಲೆ ಬೇಕಾದಷ್ಟು ನೋಡಿದ್ದೇನೆ. ಈ ಸಲ ಭಾವನಿಗೆ ಹೇಳಿದ್ದು ಇಷ್ಟೇ: ಹಳೆಯ ಹೆಸರುಗಳು ಬೇಡ, ಈಚಿನ ಕೆಲವು ವರ್ಷಗಳಲ್ಲಿ ಹೊಸದಾಗಿ ಬಂದ ಬ್ಲೆಂಡ್, ಅಂದರೆ ಎಲೆಗಳ ಹೊಸ ಮಿಶ್ರಣ, ತನ್ನಿ. ಅವರು ನಾಲ್ಕು ಬಗೆ ತಂದರು. ಒಂದೊಂದು ಸಿಗಾರಿಗೂ ಸಾವಿರ ರೂಪಾಯಿ ದಾಟಿದೆ. ನನ್ನ ಹೆಂಡತಿ ಇದನ್ನು ಓದುವುದಿಲ್ಲ ಅಂತ ನಂಬಿ ಬರೆಯುತ್ತಿದ್ದೇನೆ.

ರುಚಿಗೆ ಬರುವ ಮೊದಲು ಮಳೆಯ ವಿಷಯ ಹೇಳಲೇಬೇಕು. ಸಿಗಾರ್ ಒಣಗದ ಹಾಗೆ ನೋಡಿಕೊಳ್ಳಿ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಅದೆಲ್ಲ ಒಣ ಊರಿನವರಿಗೆ. ನಮ್ಮಲ್ಲಿ ಜೂನ್ ಬಂತೆಂದರೆ ಉಪ್ಪಿನ ಭರಣಿಯಲ್ಲೇ ನೀರು ನಿಲ್ಲುತ್ತದೆ, ಸಿಗಾರ್ ಯಾವ ಲೆಕ್ಕ? ಮೊದಲ ವರ್ಷ ನಾನು ಶೋಕಿಗೆ ಹ್ಯೂಮಿಡಾರ್, ಅಂದರೆ ಸಿಗಾರ್ ಇಡುವ ಮರದ ಪೆಟ್ಟಿಗೆ, ತೆಗೆದುಕೊಂಡೆ. ಒಳಗೆ ದೇವದಾರಿನ ಹಾಗೆ ಘಮಘಮ. ಜುಲೈಗೆ ಮುಚ್ಚಳ ಉಬ್ಬಿತು, ಆಟಿ ತಿಂಗಳಲ್ಲಿ ಆರು ಸಿಗಾರಿಗೆ ಬಿಳಿ ಬೂಷ್ಟು ಬಂತು. ಉಳಿದ ಎರಡರಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ತೂತು. ತಂಬಾಕಿನ ಹುಳು ನಮ್ಮ ಕುಟ್ಟೆಯ ನೆಂಟ. ಸೆಕೆಯಲ್ಲಿ ಮೊಟ್ಟೆ ಒಡೆದು ಒಳಗಿಂದಲೇ ಕೊರೆದುಕೊಂಡು ಹೊರಗೆ ಬರುತ್ತದೆ.

ಈಗ ರಬ್ಬರ್ ಅಂಚಿನ, ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ತೇವವನ್ನು 65 ಶೇಕಡದಲ್ಲಿ ಹಿಡಿದಿಡುವ ಬೊವೇಡಾ ಪ್ಯಾಕೆಟ್ ಎರಡು. ತೇವ ಜಾಸ್ತಿ ಆದರೆ ಎಳೆದುಕೊಳ್ಳುತ್ತದೆ, ಕಡಿಮೆ ಆದರೆ ಬಿಡುತ್ತದೆ. ಬೇರೆ ಕಡೆಯವರು 69 ಅನ್ನುತ್ತಾರೆ. ಮಂಗಳೂರಿನಲ್ಲಿ 69 ಇಟ್ಟರೆ ಸಿಗಾರ್ ಹಸಿ ಸೌದೆಯ ಹಾಗೆ ಉರಿಯುತ್ತದೆ, ನಾನು ನೋಡಿ ಆಗಿದೆ. ಈ ನಾಲ್ಕು ಬಗೆಯನ್ನೂ ಎರಡು ತಿಂಗಳು ಆ ಡಬ್ಬಿಯಲ್ಲಿ ಮಲಗಿಸಿ, ಮಳೆ ಬಿಟ್ಟ ಭಾನುವಾರಗಳಲ್ಲಿ ಮಾತ್ರ ಹಚ್ಚಿದೆವು.

ಮೊದಲು ಪ್ಲಾಸೆನ್ಸಿಯಾ ಆಲ್ಮಾ ದೆಲ್ ಫ್ಯೂಗೊ. ಬೆಂಕಿಯ ಆತ್ಮ ಅಂತ ಅರ್ಥ. ಪ್ಲಾಸೆನ್ಸಿಯಾ ಮನೆತನ 1865ರಿಂದ ತಂಬಾಕು ಬೆಳೆಯುವವರು. ಶುರು ಕ್ಯೂಬಾದಲ್ಲಿ. ಕ್ರಾಂತಿಯ ನಂತರ ಅಲ್ಲಿಂದ ಹೊರಟು ನಿಕರಾಗುವಾ, ಹೊಂಡುರಾಸ್ ಕಡೆ ಬೇರು ಬಿಟ್ಟರು. ಈ ಸಿಗಾರಿನ ಹೊಟ್ಟೆಯೊಳಗೆ ಒಮೆಟೆಪೆ ಅನ್ನುವ ದ್ವೀಪದ ಎಲೆ ಇದೆ. ದೊಡ್ಡ ಸರೋವರದ ನಡುವೆ ಎರಡು ಜ್ವಾಲಾಮುಖಿ ಜೋಡಿ ನಿಂತು ಆದ ದ್ವೀಪ ಅದು. ಮಣ್ಣೆಲ್ಲ ಬೂದಿಯಿಂದ ಆದದ್ದು.

ನಾವು ಹಚ್ಚಿದ್ದು ಕಾಂದೆಂತೆ ಅನ್ನುವ ಅಳತೆ. ಉದ್ದ 5 ಇಂಚು, ದಪ್ಪ 50. ಈ 50 ಏನೆಂದು ರಾಯರು ಪ್ರತಿ ಸಲ ಕೇಳುತ್ತಾರೆ. ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ 50 ಪಾಲು, ಹೆಚ್ಚುಕಡಿಮೆ ಎರಡು ಸೆಂಟಿಮೀಟರ್. ಮೊದಲ ನಾಲ್ಕೈದು ಎಳೆತ ಬರೀ ಒಳ್ಳೆಮೆಣಸು. ಮೂಗಿನಿಂದ ಹೊಗೆ ಬಿಟ್ಟ ಪೊರ್ಬುಗಳ ಕಣ್ಣಲ್ಲಿ ನೀರು. ಆಮೇಲೆ ಖಾರ ಹಿಂದೆ ಸರಿದು ಬೇರೆ ಏನೋ ಬಂತು. ಹೆಸರು ಸಿಗಲಿಲ್ಲ. ಎರಡನೇ ಭಾನುವಾರ ಇನ್ನೊಂದು ಹಚ್ಚಿದಾಗ ಸಿಕ್ಕಿತು: ಕೆಂಪುಕಲ್ಲಿನ ಕೋರೆಗೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ. ಅದರ ಹಿಂದೆಯೇ ಬೆಲ್ಲದ ಪಾಕ ತಳ ಹಿಡಿಯುವ ಸ್ವಲ್ಪ ಮೊದಲಿನ ಸಿಹಿ. ಬೂದಿ ಒಂದು ಇಂಚು ನಿಂತಿತು, ತಿಳಿ ಬೂದುಬಣ್ಣ, ಗಟ್ಟಿ. ಒಂದು ಗಂಟೆ ಹತ್ತು ನಿಮಿಷ. ಕೊನೆಗೆ ಬೆರಳು ಸುಡುವಾಗ ಬಿಟ್ಟದ್ದು.

ನಾಲ್ಕರಲ್ಲಿ ನನ್ನ ಸಿಗಾರ್ ಇದೇ. ಜೊತೆಗೆ ಹಾಲು ಹಾಕದ ಕಣ್ಣ ಚಾ ಸಾಕು.

ಎರಡನೆಯದು ಲೀಗಾ ಪ್ರಿವಾದಾ ಎಚ್99. ಡ್ರೂ ಎಸ್ಟೇಟ್ ಅವರದ್ದು, ನಿಕರಾಗುವಾದ ಎಸ್ತೆಲಿಯಲ್ಲಿ ಸುತ್ತುತ್ತಾರೆ. ಇದರ ವಿಶೇಷ ಇರುವುದು ಹೊರಗಿನ ಎಲೆಯಲ್ಲಿ, ಅಂದರೆ ವ್ರ್ಯಾಪರ್‌ನಲ್ಲಿ. ಕೊರೋಹೊ ಅನ್ನುವುದು ಮೂಲತಃ ಕ್ಯೂಬಾದ ತಳಿ. ಅದನ್ನು ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯಲ್ಲಿ ಬೆಳೆದು ಇದಕ್ಕೆ ಸುತ್ತಿದ್ದಾರೆ. ಬಣ್ಣ ಹುರಿದ ಗೇರುಬೀಜದ ಒಳಸಿಪ್ಪೆಯದ್ದು. ತಮಾಷೆ ಅಂದರೆ ರುಚಿಯೂ ಅದರದ್ದೇ, ಆ ಸಣ್ಣ ಒಗರು ಸಮೇತ. ಹೊಗೆ ಮಾತ್ರ ವಿಪರೀತ. ಒಂದು ಎಳೆದರೆ ಬಚ್ಚಲಿನ ಹಂಡೆಗೆ ಹಸಿ ತೆಂಗಿನ ಸಿಪ್ಪೆ ಹಾಕಿದ ಹಾಗೆ ಜಗಲಿ ತುಂಬಾ. ಪೊರ್ಬುಗಳಿಗೆ ಇದೇ ಮೊದಲ ನಂಬರ್. ನನಗೆ ಅರ್ಧದ ತನಕ ಬಹಳ ಇಷ್ಟವಾಯಿತು, ಆಮೇಲೆ ಸುಸ್ತಾಯಿತು.

ರಾಯರ ಸುಸ್ತು ಬೇರೆ ಥರದ್ದು. ಅವತ್ತು ಏಕಾದಶಿ. ಉಪವಾಸಕ್ಕೆ ಹೊಗೆ ಲೆಕ್ಕವಿಲ್ಲ ಅನ್ನುವುದು ಅವರ ವಾದ. ಖಾಲಿ ಹೊಟ್ಟೆಗೆ ಕಡಕ್ ಸಿಗಾರ್, ಅರ್ಧ ಗಂಟೆಗೆ ಹಣೆ ತುಂಬಾ ಬೆವರು, ತಲೆ ತಿರುಗಿ ಕಂಬಕ್ಕೆ ಒರಗಿದರು. ದೊಡ್ಡಮ್ಮ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಟ್ಟ ಮೇಲೆ ಕಣ್ಣು ಬಿಟ್ಟರು. ತಪ್ಪು ಸಿಗಾರಿನದ್ದಲ್ಲ. ಊಟ ಮಾಡಿ ಒಂದು ಗಂಟೆ ಬಿಟ್ಟು ಹಚ್ಚಬೇಕು ಅಂತ ಅವರಿಗೆ ಎಷ್ಟು ಸಲ ಹೇಳಿದ್ದೆ.

ಮೂರನೆಯದು ರಾಕಿ ಪಟೇಲ್ ಸಿಕ್ಸ್‌ಟಿ. ರಾಕಿ ಪಟೇಲ್ ನಮ್ಮ ದೇಶದಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ಸಿನಿಮಾದವರ ವಕೀಲರಾಗಿದ್ದು, ಅದನ್ನು ಬಿಟ್ಟು ಸಿಗಾರಿಗೆ ಇಳಿದರು. ಇದು ಅವರಿಗೆ 60 ತುಂಬಿದ್ದಕ್ಕೆ ಮಾಡಿಸಿದ ಬ್ಲೆಂಡ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಷ್ಟ್ಯಬ್ದಿ ಸಿಗಾರ್. ರಾಯರಿಗೆ ಇದು ಹಿಡಿಸಲು ಅರ್ಧ ಕಾರಣ ಅದೇ. "ನನ್ನ ಷಷ್ಟ್ಯಬ್ದಿಗೆ ಎಲ್ಲರೂ ಶಾಲು ಹೊದೆಸಿದರು ಮಾರಾಯ್ರೆ, ಇಂಥದ್ದು ಒಬ್ಬರಿಗೂ ಹೊಳೆಯಲಿಲ್ಲ," ಅಂತ ಕೊರಗಿದರು.

ಹೊರಗಿನ ಎಲೆ ಮೆಕ್ಸಿಕೋದ ಸಾನ್ ಆಂಡ್ರೆಸ್, ಕಪ್ಪಗೆ, ಎಣ್ಣೆ ಸವರಿದ ಹಾಗೆ. ಬಾಕ್ಸ್ ಪ್ರೆಸ್ ಮಾಡಿದ್ದು, ಅಂದರೆ ನಾಲ್ಕೂ ಬದಿ ಒತ್ತಿ ಚೌಕ ಮಾಡಿದ್ದು. "ಇದರ ಮೇಲೆ ಯಾರೋ ಕೂತಿದ್ದಾರೆ," ಅಂದರು ದೊಡ್ಡಮ್ಮ. ರುಚಿ ಚಿಕೋರಿ ಜಾಸ್ತಿ ಹಾಕಿದ ಗಟ್ಟಿ ಡಿಕಾಕ್ಷನ್, ಮೇಲೆ ಕೋಕೋ. ಮೃದು. ಎಲ್ಲೂ ತಕರಾರಿಲ್ಲ, ಎಲ್ಲೂ ಆಶ್ಚರ್ಯವೂ ಇಲ್ಲ. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡಾಗ ಕೊಡಲು ಒಳ್ಳೆಯದು.

ಈಗ ನಾಲ್ಕನೆಯದು. ಹೆಸರು ಬರೆಯುವುದಿಲ್ಲ. ಒಂದು ಕೆಟ್ಟದ್ದು ಸಿಕ್ಕಿತೆಂದು ಇಡೀ ಬ್ಲೆಂಡಿನ ಮಾನ ಕಳೆಯಬಾರದು. ಚಿನ್ನದ ಬಣ್ಣದ ಲೇಬಲ್, ಬುಡಕ್ಕೆ ಇನ್ನೊಂದು ಲೇಬಲ್, ಪ್ರತಿಯೊಂದಕ್ಕೂ ಪ್ರತ್ಯೇಕ ಮರದ ಪೆಟ್ಟಿಗೆ. ತಲೆ ಕತ್ತರಿಸಿ ಹಚ್ಚದೆಯೇ ಎಳೆದು ನೋಡಿದೆ. ಗಾಳಿಯೇ ಇಲ್ಲ. ಇನ್ನೂ ಸ್ವಲ್ಪ ಕತ್ತರಿಸಿದೆ. ಇಲ್ಲ. ಪೊರ್ಬುಗಳು ಮನೆಗೆ ಹೋಗಿ ಸ್ವೆಟರ್ ಹೆಣೆಯುವ ಕಡ್ಡಿ ತಂದು ಚುಚ್ಚಿದರು. ಹೊರಗಿನ ಎಲೆ ಬಿರಿಯಿತು, ಅಷ್ಟೇ. ಅಡಿಕೆ ಮರದ ಸಲಾಕೆಯನ್ನು ಬಾಯಲ್ಲಿಟ್ಟು ಎಳೆದ ಹಾಗೆ.

ದೊಡ್ಡಮ್ಮ ಏನೂ ಹೇಳಲಿಲ್ಲ. ಒಳಗೆ ಹೋಗಿ ಹಳೆಯ ಬೀಡಿ ಕತ್ತರಿ ತಂದರು, ಸಿಗಾರನ್ನು ಮೀನು ಸೀಳಿದ ಹಾಗೆ ಉದ್ದಕ್ಕೆ ಸೀಳಿದರು. ಹೊರಗಿನ ಎಲೆಯನ್ನು ಮಡಿಲ ಮೇಲೆ ಹರಡಿ, ಅಂಗೈಯಿಂದ ನೇವರಿಸಿ ಸಪಾಟು ಮಾಡಿದರು. "ಎಲೆ ಚಂದ ಉಂಟು. ನರ ಕಾಣುವುದೇ ಇಲ್ಲ." ಆಮೇಲೆ ನೂಲು ಹುಡುಕಿದರು. ಸಿಗಾರಿಗೆ ನೂಲು ಕಟ್ಟುವುದಿಲ್ಲ, ಗೋಂದಿನ ಥರದ ಅಂಟು ಹಾಕುತ್ತಾರೆ ಅಂದೆ. ಅದು ಅವರಿಗೆ ಅಷ್ಟು ಸರಿ ಕಾಣಲಿಲ್ಲ.

ಒಳಗಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ ತಡ್ಪೆಯಲ್ಲಿ ಸಾಲಾಗಿ ಇಟ್ಟರು. ಮೂರು ಎಲೆ ಉದ್ದಕ್ಕೆ ಸರಿಯಾಗಿ ಮಡಚಿದ್ದವು. ಒಂದು ಎಲೆ, ದಪ್ಪ, ಕಪ್ಪು, ನಡುವಿನಲ್ಲಿ ತಿರುಚಿಕೊಂಡು ಅಡ್ಡ ಕೂತಿತ್ತು. ಗಿಡದ ಮೇಲ್ತುದಿಯ ಈ ಎಲೆಗೆ ಲಿಹೆರೋ ಅನ್ನುತ್ತಾರೆ. ಕಡಕ್ ಬರುವುದು ಅದರಿಂದಲೇ, ನಿಧಾನ ಉರಿಯುವುದೂ ಅದೇ. ಹಾಗಾಗಿ ಅದನ್ನು ಸಿಗಾರಿನ ಸರಿ ಮಧ್ಯಕ್ಕೆ, ನೇರ ಇಡಬೇಕು. ಇದರಲ್ಲಿ ಅದು ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಇತ್ತು. ಪಕ್ಕದಲ್ಲಿ ಅರ್ಧ ಬೆರಳುದ್ದದ ದಂಟು ಬೇರೆ. ದೊಡ್ಡಮ್ಮ ಆ ದಂಟನ್ನು ಎತ್ತಿ, ರಾಯರ ಕಡೆ ತಿರುಗಿ, ತಡ್ಪೆಯ ಅಂಚಿಗೆ ಇಟ್ಟರು. ಬೆರಳು ನಿಂತದ್ದು ಸರಿಯಾಗಿ ಅಲ್ಲಿಯೇ.

"ಇದನ್ನು ಕಟ್ಟಿದವರು ದಿನಕ್ಕೆ ಎಷ್ಟು ಕಟ್ಟುತ್ತಾರೆ?" ಅಂತ ಕೇಳಿದರು.

ಇಬ್ಬರು ಜೋಡಿಯಾಗಿ ಕೂರುತ್ತಾರೆ, ಒಬ್ಬರು ಒಳಗಿನದ್ದು ಕಟ್ಟುತ್ತಾರೆ, ಇನ್ನೊಬ್ಬರು ಹೊರಗಿನ ಎಲೆ ಸುತ್ತುತ್ತಾರೆ, ಇಬ್ಬರೂ ಸೇರಿ ದಿನಕ್ಕೆ ಕೆಲವು ನೂರು ಅಂದೆ. "ಅಷ್ಟೇಯಾ?" ಅಂದರು. ಕೆಲವು ಕಾರ್ಖಾನೆಗಳಲ್ಲಿ ಗಾಳಿ ಎಳೆದು ನೋಡುವ ಯಂತ್ರವೂ ಇರುತ್ತದೆ ಅಂದೆ.

"ಯಾಕೆ, ಅವರಿಗೆ ಬೆರಳಿಲ್ಲವಾ?"

ಅದೇ ಬಗೆಯ ಇನ್ನೊಂದು ಸಿಗಾರ್ ಇತ್ತು. ಅದನ್ನೂ ಅವರ ಕೈಗೆ ಕೊಟ್ಟೆವು. ಒತ್ತಿ ನೋಡಿ, "ಇದು ಆದೀತು," ಅಂದರು. ಹಚ್ಚಿದೆವು. ಸಲೀಸಾಗಿ ಎಳೆಯಿತು. ರುಚಿ ಒಳ್ಳೆಯದೇ, ಏಲಕ್ಕಿ ಹಾಕಿದ ಹುರಿದ ಕೊಬ್ಬರಿಯ ಹಾಗೆ. ಆದರೆ ಆ ದುಡ್ಡಿಗೆ ಎರಡು ಆಲ್ಮಾ ದೆಲ್ ಫ್ಯೂಗೊ ಬರುತ್ತದೆ.

ಒಂದು ಮಾತು ಬಿಟ್ಟುಹೋಗುವ ಮೊದಲು. ಸಿಗಾರಿನ ಹೊಗೆ ಒಳಗೆ ಎಳೆಯುವುದಿಲ್ಲ, ಬಾಯಲ್ಲೇ ಬಿಡುವುದು. ಹಾಗಂತ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ, ಇದೂ ಹೊಗೆಸೊಪ್ಪೇ. ಅಭ್ಯಾಸ ಇಲ್ಲದವರು ನನ್ನ ಬರಹ ಓದಿ ಶುರು ಮಾಡಬೇಡಿ. ನನ್ನ ಮಗ ಕೇಳಿದರೆ ನಾನು ಕೊಡುವುದಿಲ್ಲ.

ಭಾವ ದೀಪಾವಳಿಗೆ ಮತ್ತೆ ಬರುತ್ತಾರೆ. ಪಟ್ಟಿ ಕಳಿಸಿ ಆಗಿದೆ. ಆಲ್ಮಾ ದೆಲ್ ಫ್ಯೂಗೊ ಹತ್ತು, ಪೊರ್ಬುಗಳಿಗೆ ಎಚ್99 ಐದು, ರಾಯರಿಗೆ ಸಿಕ್ಸ್‌ಟಿ ಮೂರು. ನಾಲ್ಕನೆಯದು ಬೇಡ. ದೊಡ್ಡಮ್ಮನಿಗೆ ಏನು ಬೇಕು ಅಂತ ಭಾವ ಫೋನಿನಲ್ಲೇ ಕೇಳಿದರು. ಆಕ್ಸ್ ಎಣ್ಣೆ ಎರಡು ಬಾಟಲಿ ಅಂದರು, ದೊಡ್ಡದು. ಭುಜಕ್ಕೆ ಒಂದು, ಬೆರಳಿಗೆ ಒಂದು.