ಟ್ರಿಗರ್ ಬದಲಿಸಲು ಕೊಟ್ಟ .315 ರೈಫಲ್: ಬೆಂಗಳೂರಿನ ಒಂದು ದುರಸ್ತಿ ಅಂಗಡಿಯ ಅನುಭವ

ಮಾವನವರ ಕಾಲಾನಂತರ ಕಾನೂನುಬದ್ಧವಾಗಿ ನನ್ನ ಪರವಾನಗಿಗೆ ವರ್ಗವಾಗಿ ಬಂದ ಇಷಾಪುರ ಕಾರ್ಖಾನೆಯ .315 ಬೋಲ್ಟ್ (ಗುಂಡು ತುಂಬಿ ನಳಿಗೆಯ ಹಿಂಬದಿ ಮುಚ್ಚುವ, ಕೈಯಿಂದ ಎಳೆಯುವ ಅಗುಳಿ) ರೈಫಲ್‌ನ ಟ್ರಿಗರ್ ಕೆಲವು ವರ್ಷಗಳಿಂದ ನನಗೆ ಸಮಾಧಾನ ಕೊಟ್ಟಿರಲಿಲ್ಲ. ಈ ಜಾತಿಯ ರೈಫಲ್‌ನಲ್ಲಿ ಬೆರಳಿಗೆ ಎರಡು ಎಳೆತಗಳು ಸ್ಪಷ್ಟವಾಗಿ ಸಿಗಬೇಕು; ನನ್ನದರಲ್ಲಿ ಮೊದಲ ಎಳೆತವೇ ಮಾಯವಾಗಿ, ಉಳಿದದ್ದು ಮರಳಿನ ಮೇಲೆ ಕಲ್ಲು ಎಳೆದಂತೆ ಒರಟಾಗಿತ್ತು. ಗುರಿ ಅಭ್ಯಾಸದ ರೇಂಜಿನ ಗೆಳೆಯರು ತಮ್ಮ ವಿದೇಶಿ ರೈಫಲ್‌ಗಳಿಗೆ ಸಿದ್ಧ ಟ್ರಿಗರ್ ತರಿಸಿ ಕೂರಿಸಿಕೊಂಡದ್ದನ್ನು ಕಂಡಿದ್ದ ನಾನು, ನನ್ನದಕ್ಕೂ ಅಂಥದ್ದೇ ಒಂದನ್ನು ಹಾಕಿಸಬಹುದೆಂಬ ಎಣಿಕೆಯಲ್ಲಿ ನಗರದ ಪರವಾನಗಿ ಪಡೆದ ಬಂದೂಕು ದುರಸ್ತಿ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಬಗ್ಗೆ ಎರಡು ದೂರುಗಳೂ ಇರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಅಲ್ಲಿನ ಹಿರಿಯ ಕೆಲಸಗಾರರು ಪರವಾನಗಿ ಪುಸ್ತಕದಲ್ಲಿರುವ ಸಂಖ್ಯೆಯನ್ನು ರೈಫಲ್‌ನ ಮೇಲಿನ ಸಂಖ್ಯೆಯೊಂದಿಗೆ ತಾಳೆ ನೋಡಿ, ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲಷ್ಟೇ ಮಾತಿಗೆ ಕುಳಿತರು. ನನ್ನ ಬೇಡಿಕೆ ಕೇಳಿ ನಕ್ಕು, "ಇದಕ್ಕೆ ಡಬ್ಬಿ ಟ್ರಿಗರ್ ಬರಲ್ಲ ಸರ್" ಎಂದರು. ಅವರು ಡಬ್ಬಿ ಎಂದದ್ದು ರೆಮಿಂಗ್ಟನ್ 700ರಂತಹ ರೈಫಲ್‌ಗಳಲ್ಲಿ ಟ್ರಿಗರ್, ಸಿಯರ್ (ಟ್ರಿಗರ್ ಎಳೆಯುವವರೆಗೆ ಗುಂಡು ಹೊಡೆಯುವ ಸೂಜಿಯನ್ನು ತಡೆದು ಹಿಡಿಯುವ ಕೊಕ್ಕೆ), ಸ್ಪ್ರಿಂಗುಗಳೆಲ್ಲ ಒಂದೇ ಕವಚದೊಳಗಿದ್ದು, ಎರಡು ಪಿನ್ ತೆಗೆದರೆ ಇಡಿಯಾಗಿ ಕೆಳಗಿಳಿಯುವ ಜೋಡಣೆಯನ್ನು. ಟಿಮ್ನಿಯಂತಹ ಕಂಪನಿಗಳ ಬದಲಿ ಟ್ರಿಗರ್‌ಗಳು ಇಂಥ ರೈಫಲ್‌ಗಳಿಗೆ ಸಲೀಸಾಗಿ ಹೊಂದುವುದು ಇದೇ ಕಾರಣದಿಂದ. ಇಷಾಪುರದ .315 ಹಾಗಲ್ಲ. ಅದರ ಮೂಲ ಹಳೆಯ ಲೀ-ಎನ್‌ಫೀಲ್ಡ್ ಸೇನಾ ರೈಫಲ್. ಅದರಲ್ಲಿ ಸಿಯರ್ ಇರುವುದು ಉಕ್ಕಿನ ಬಾಡಿಯಲ್ಲಿ, ಟ್ರಿಗರ್ ತೂಗುವುದು ಅದನ್ನು ಸುತ್ತುವರಿದ ಕೆಳಗಿನ ಲೋಹದ ಬಳೆ, ಅಂದರೆ ಟ್ರಿಗರ್ ಗಾರ್ಡ್‌ನಲ್ಲಿ, ಇವೆರಡರ ನಡುವೆ ಇರುವುದು ಮರ. ಟ್ರಿಗರ್‌ನ ಮೇಲ್ತುದಿಯಲ್ಲಿ ಎರಡು ಸಣ್ಣ ಉಬ್ಬುಗಳಿವೆ. ಮೊದಲನೆಯದು ಸಿಯರನ್ನು ಒತ್ತುವಾಗ ಹಗುರವಾದ ಎಳೆತ; ಎರಡನೆಯದು ತಾಗಿದಾಗ ಸನ್ನೆಕೋಲಿನ ಲಾಭ ಕಡಿಮೆಯಾಗಿ ಭಾರ ಏರುತ್ತದೆ, ಅಲ್ಲಿ ಬೆರಳು ಒಂದು ಕ್ಷಣ ನಿಲ್ಲುತ್ತದೆ. ಸೇನೆಯ ಕಾಲದ ಅಳತೆಯಲ್ಲಿ ಮೊದಲನೆಯದು 3ರಿಂದ 4 ಪೌಂಡ್, ಎರಡನೆಯದು 5ರಿಂದ 6 ಪೌಂಡ್. ನಡುವಿನ ಮರ ಕುಗ್ಗಿದರೆ ಗಾರ್ಡ್ ಮೇಲೇರಿ ಉಬ್ಬುಗಳು ಸಿಯರ್‌ಗೆ ಹತ್ತಿರವಾಗುತ್ತವೆ. ಮೊದಲ ಎಳೆತ ಕಳೆದುಹೋಗುವುದು ಹಾಗೆ. "ಕಬ್ಬಿಣದ ತಪ್ಪಲ್ಲ ಸರ್, ಮರದ ತಪ್ಪು" ಎಂಬ ಅವರ ಮಾತನ್ನು ನಾನು ಆಗ ಪೂರ್ತಿ ನಂಬಲಿಲ್ಲ.

ಬಿಚ್ಚಿದಾಗ ಮೂರು ಸಂಗತಿಗಳು ಕಂಡವು. ಮೊದಲನೆಯದು ನಮ್ಮ ಮನೆಯದೇ ಕಾಣಿಕೆ. ವರ್ಷ ವರ್ಷದ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮವೂ, ಪ್ರೀತಿಯಿಂದ ಸವರಿದ ಕೊಬ್ಬರಿ ಎಣ್ಣೆಯೂ ಸೇರಿ ಸಿಯರ್‌ನ ಸುತ್ತ ಕಂದುಬಣ್ಣದ ಅಂಟಾಗಿ ಕುಳಿತಿದ್ದವು. ಎರಡನೆಯದು, ಮುಂದಿನ ಗಾರ್ಡ್ ಸ್ಕ್ರೂ ಹಾದುಹೋಗುವ ರಂಧ್ರದಲ್ಲಿ ಇರಬೇಕಾದ ಲೋಹದ ಸಣ್ಣ ಕಾಲರ್ ಇರಲೇ ಇಲ್ಲ. ಸ್ಕ್ರೂ ಎಷ್ಟೇ ಬಿಗಿದರೂ ಮರ ನಜ್ಜಾಗದಂತೆ ಅಂತರ ಕಾಯುವುದು ಈ ಕಾಲರ್. ಹಿಂದೆ ಯಾರೋ ಬಿಚ್ಚಿದಾಗ ಅದನ್ನು ಕಳೆದಿದ್ದಾರೆ, ಆಮೇಲೆ ಪ್ರತಿ ಬಿಗಿತಕ್ಕೂ ಮರ ಒಂದಿಷ್ಟು ಕುಗ್ಗಿದೆ. ಮೂರನೆಯದೇ ಗಂಭೀರವಾದುದು. ಟ್ರಿಗರ್ ಹಗುರವಾಗಲೆಂದು ಅದೇ ಕೈ ಸಿಯರ್‌ನ ಅಂಚನ್ನು ಕಲ್ಲಿನಿಂದ ಉಜ್ಜಿತ್ತು. ಸಿಯರ್‌ನ ಮೇಲ್ಪದರ ಮಾತ್ರ ಗಡುಸು. ಅದು ಸವೆದರೆ ಒಳಗಿನ ಮೆದು ಲೋಹದ ಅಂಚು ಬೇಗ ಮೊಂಡಾಗಿ, ಬೋಲ್ಟನ್ನು ಜೋರಾಗಿ ಮುಚ್ಚಿದರೂ ಗುಂಡು ಹಾರುವ ಸ್ಥಿತಿ ಬರಬಹುದು. ಇಂಥ ರೈಫಲನ್ನು ಹೆಗಲಿಗೇರಿಸಿ ನಾನು ಎಷ್ಟು ಸಲ ರೇಂಜಿಗೆ ಹೋಗಿದ್ದೆನೆಂದು ನೆನೆದು ಆ ಅಂಗಡಿಯಲ್ಲೇ ಬೆವರಿದೆ.

ಅವರು ಮಾಡಿದ ಕೆಲಸ ಚಿಕ್ಕದು, ಆದರೆ ಸರಿಯಾದದ್ದು. ಸಿಯರನ್ನು ಮತ್ತೆ ಉಜ್ಜಲು ಒಪ್ಪದೆ ಅದೇ ಮಾದರಿಯ ಸವೆಯದ ಸಿಯರ್ ಹಾಕಿದರು, ಕಾಲರ್ ಕೂರಿಸಿದರು, ಮರ ನಜ್ಜಾದ ಕಡೆ ತೆಳುವಾದ ಮರದ ತುಂಡು ಅಂಟಿಸಿ ಮಟ್ಟಮಾಡಿದರು. ಟ್ರಿಗರ್ ಮಾತ್ರ ಹಳೆಯದೇ ಉಳಿಯಿತು, ಅದರ ಉಬ್ಬುಗಳು ಚೆನ್ನಾಗಿದ್ದವು. ಸಿಯರ್ ಸ್ಪ್ರಿಂಗನ್ನು ಬದಲಿಸಿ ಹಗುರಗೊಳಿಸಬಹುದೇ ಎಂದು ಕೇಳಿದ್ದಕ್ಕೆ, ಮ್ಯಾಗಜಿನ್ (ಗುಂಡುಗಳ ಪೆಟ್ಟಿಗೆ) ಕೊಂಡಿಯನ್ನು ಒತ್ತಿ ಹಿಡಿಯುವುದೂ ಅದೇ ಸ್ಪ್ರಿಂಗ್ ಎಂದು ತೋರಿಸಿ ನನ್ನ ಆಸೆಗೆ ತೆರೆ ಎಳೆದರು. ಕೊನೆಗೆ ಖಾಲಿ ರೈಫಲ್‌ನ ಬೋಲ್ಟನ್ನು ಹಲವು ಬಾರಿ ಬಿರುಸಾಗಿ ಮುಚ್ಚಿ, ಹಿಡಿಯನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ, ಸೇಫ್ಟಿ ಹಾಕಿ ಟ್ರಿಗರ್ ಎಳೆದು ಮತ್ತೆ ಸೇಫ್ಟಿ ಬಿಡಿಸಿ ನನ್ನೆದುರೇ ಪರೀಕ್ಷಿಸಿದರು. ಇಂಥ ಪರೀಕ್ಷೆ ಮಾಡದೆ ಕೈಗೆ ಕೊಡುವ ಅಂಗಡಿಯಿಂದ ಯಾವ ಬಂದೂಕನ್ನೂ ತೆಗೆದುಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಡಬ್ಬಿ ಟ್ರಿಗರ್ ಇದ್ದ ಮಾತ್ರಕ್ಕೆ ಎಲ್ಲ ಸುಖವೆಂದೂ ಅಲ್ಲ. ರೆಮಿಂಗ್ಟನ್‌ನ ಹಳೆಯ ವಾಕರ್ ಟ್ರಿಗರ್‌ನಲ್ಲಿ ಟ್ರಿಗರ್‌ಗೂ ಸಿಯರ್‌ಗೂ ನಡುವೆ ಬಿಡಿಯಾದ ಕನೆಕ್ಟರ್ ಇದ್ದು, ಕಸ ಸಿಕ್ಕಿ ಅದು ಸ್ವಸ್ಥಾನಕ್ಕೆ ಮರಳದಿದ್ದರೆ ಅಪಾಯವೆಂಬ ದೂರು ಅಮೆರಿಕದಲ್ಲಿ ನ್ಯಾಯಾಲಯಗಳವರೆಗೆ ಹೋಯಿತು. ಅದರ ಬದಲಿಗೆ ಬಂದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇದ್ದ ರೈಫಲ್‌ಗಳನ್ನೂ, ಜೋಡಣೆಯಲ್ಲಿ ಅಂಟು ಹೆಚ್ಚಾದ ಕಾರಣಕ್ಕೆ, ಕಂಪನಿಯು 2014ರಲ್ಲಿ ವಾಪಸು ಕರೆಯಿತು. ಸ್ಯಾವೇಜ್‌ನ ಆಕ್ಯುಟ್ರಿಗರ್‌ನಲ್ಲಿ ಟ್ರಿಗರ್‌ನ ನಡುವೆ ಇರುವ ತೆಳು ಪಟ್ಟಿಯನ್ನು ಬೆರಳು ಒತ್ತದ ಹೊರತು ಸಿಯರ್‌ಗೆ ತಡೆ ಇದ್ದೇ ಇರುತ್ತದೆ. ಹಗುರ ಎಳೆತ ಬೇಕೆನ್ನುವವರಿಗೆ ಅದು ನನಗೆ ಹೆಚ್ಚು ಒಪ್ಪಿಗೆಯಾಗುವ ದಾರಿ.

ಇನ್ನು ದೂರುಗಳು. ಒಂದು ವಾರವೆಂದವರು 19 ದಿನ ತೆಗೆದುಕೊಂಡರು, ನಡುವೆ ಫೋನ್ ಎತ್ತಲಿಲ್ಲ. 6,500 ರೂಪಾಯಿ ಪಡೆದು ಕೊಟ್ಟ ರಸೀದಿಯಲ್ಲಿ "ಟ್ರಿಗರ್ ರಿಪೇರಿ" ಎಂಬ ಎರಡೇ ಪದಗಳಿದ್ದವು. ಬಂದೂಕಿನ ಬಿಡಿಭಾಗವೂ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಶಸ್ತ್ರವೇ ಆಗಿರುವಾಗ, ಯಾವ ಭಾಗ ತೆಗೆದರು, ಯಾವುದು ಹಾಕಿದರು, ಎಳೆತ ಎಷ್ಟು ಬಂತು ಎಂಬುದೆಲ್ಲ ಬರಹದಲ್ಲಿರಬೇಕು. ಪಟ್ಟುಹಿಡಿದು ಕೇಳಿದ ಮೇಲೆ ಹಳೆಯ ಸಿಯರ್‌ನ ವಿವರವನ್ನೂ ಎರಡನೆಯ ಎಳೆತದ ಅಳತೆಯನ್ನೂ ರಸೀದಿಯ ಹಿಂಬದಿಯಲ್ಲಿ ಬರೆದುಕೊಟ್ಟರು: ಐದೂವರೆ ಪೌಂಡ್. ಹೊರಡುವಾಗ ಆ ಹಿರಿಯರು, ಮುಂದಿನ ಆಯುಧಪೂಜೆಗೆ ಕುಂಕುಮವನ್ನು ಮರದ ಹಿಡಿಗೆ ಮಾತ್ರ ಹಚ್ಚಬೇಕೆಂದು ಮನೆಯವರಿಗೆ ಹೇಳುವಂತೆ ಎರಡು ಸಲ ನೆನಪಿಸಿದರು.